ಮಳೆಗಾಲದ ಗೊಜ್ಜು ಮತ್ತು ಹತ್ತು ಲಕ್ಷದ ಯಂತ್ರ

ಘಟ್ಟದ ಮೇಲಿನ ನಮ್ಮ ಹಳ್ಳಿಗಳಿಗೆ ವರ್ಷದಲ್ಲಿ ಮೂರು ತಿಂಗಳು ಪೇಟೆಯೆಂಬುದು ಇದ್ದೂ ಇಲ್ಲದಂತೆ. ಆಷಾಢದ ಮಳೆ ಹಿಡಿಯಿತೆಂದರೆ ಸಂತೆಗೆ ಬರುವ ತರಕಾರಿಯಲ್ಲಿ ಅರ್ಧ ಕೊಳೆತಿರುತ್ತದೆ. ಉಳಿದರ್ಧದ ಬೆಲೆ ಕೇಳಿ ಕೈ ಹಿಂದೆಗೆಯಬೇಕಾಗುತ್ತದೆ. ರಸ್ತೆಯೇ ಕಡಿದುಹೋದ ವರ್ಷಗಳೂ ನಮಗೆ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರಲ್ಲಿ ಚಾರ್ಮಾಡಿ ಘಟ್ಟ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದು ಕುಳಿತಿತು. ಗುಡ್ಡ ಕುಸಿಯಲು ಕಾರಣರಾದವರ ಬಗ್ಗೆ ಈ ಪುಟಗಳಲ್ಲಿ ಸಾಕಷ್ಟು ಬರೆದಾಗಿದೆ. ನಾನಿಲ್ಲಿ ಕೇಳಬಯಸುವ ಪ್ರಶ್ನೆ ಅಡುಗೆಮನೆಯದು. ಏಪ್ರಿಲ್-ಮೇ ತಿಂಗಳಲ್ಲಿ ಮಾವು, ಮುರುಗಲು, ಅನಾನಸು ಕಾಲ ಬುಡದಲ್ಲಿ ಕೊಳೆಯುವ ಸೀಮೆಯ ಜನ ಜುಲೈಯಲ್ಲಿ ದೋಸೆಗೆ ನಂಚಿಕೊಳ್ಳಲು ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದ ಕೆಂಪು ಸಾಸಿಗೆ ಕೈಚಾಚುವಂತಾದದ್ದು ಹೇಗೆ?

ಟೊಮೆಟೊ ನಮ್ಮ ಬೆಳೆಯಲ್ಲ ನಿಜ. ಆದರೆ ನಮ್ಮ ಸಾರಿನ ಪಾತ್ರೆಯನ್ನು ಅದು ಹೊಕ್ಕು ಕಾಲವೇ ಆಯಿತು. 2023ರ ಬೇಸಿಗೆಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಅದನ್ನು ರಸ್ತೆಗೆ ಸುರಿದರು. ಅದೇ ವರ್ಷದ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಪೆಟ್ಟಿಗೆಯೊಂದು 2,000 ರೂಪಾಯಿ ದಾಟಿತು. ಎರಡು ತಿಂಗಳ ಅಂತರದಲ್ಲಿ ಕಸ ಬಂಗಾರವಾಯಿತು. ಆ ಎರಡು ತಿಂಗಳನ್ನು ದಾಟಿಸುವ ಸಾಧನ ಅರ್ಧ ಲೀಟರಿನ ಒಂದು ಗಾಜಿನ ಬಾಟಲಿ, ಒಂದು ಒಳ್ಳೆಯ ಮುಚ್ಚಳ, ಒಂದು ಹಂಡೆ ಕುದಿನೀರು. ಇಷ್ಟು ಅಲ್ಪದ್ದು ನಮ್ಮ ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ.

ಯೋಜನೆಗಳಿಗೇನೂ ಕೊರತೆಯಿಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳ ಬೆಲೆಯ ಏರಿಳಿತ ತಡೆಯಲೆಂದೇ 2018-19ರ ಕೇಂದ್ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ 'ಆಪರೇಷನ್ ಗ್ರೀನ್ಸ್' ಘೋಷಣೆಯಾಯಿತು. ಐದು ವರ್ಷಗಳ ನಂತರದ ಏರಿಳಿತವನ್ನು ಈಗಷ್ಟೇ ಹೇಳಿದೆ. 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು ಪ್ರಧಾನಮಂತ್ರಿಯವರ ಹೆಸರಿನಲ್ಲಿ 10,000 ಕೋಟಿ ರೂಪಾಯಿಯ ಯೋಜನೆ ಬಂದಿತು. ಘಟಕದ ವೆಚ್ಚದಲ್ಲಿ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನ. 'ಕಿರು' ಎಂಬ ಪದದ ಅಳತೆ ದೆಹಲಿಯಲ್ಲಿ ಹೀಗಿದೆ. ಯಂತ್ರ ಕೊಂಡವನಿಗೆ ಸಾಲ, ಸಾಲ ತೀರಿಸಲು ವರ್ಷವಿಡೀ ಸರಕು, ಸರಕಿಗಾಗಿ ಬಯಲುಸೀಮೆಯಿಂದ ಲಾರಿ, ಲಾರಿಗಾಗಿ ಅಗಲವಾದ ರಸ್ತೆ, ರಸ್ತೆಗಾಗಿ ಕಡಿದ ಗುಡ್ಡ. ಮಳೆಗಾಲಕ್ಕೆ ಮನೆಯೊಂದಕ್ಕೆ ಬೇಕಾಗುವುದು ಇಪ್ಪತ್ತೋ ಮೂವತ್ತೋ ಬಾಟಲಿ ಗೊಜ್ಜು. ಅದಕ್ಕೆ ಸಹಾಯಧನದ ಅರ್ಜಿಯಲ್ಲಿ ಕಲಂ ಇಲ್ಲ.

ಉದ್ದಿಮೆಯೇ ಬೇಡವೆಂಬುದು ನನ್ನ ವಾದವಲ್ಲ. ಮಾರಾಟಕ್ಕೆ ಮಾಡುವವರು ಮಾಡಲಿ. ಆದರೆ ಆಹಾರ ಸಂಸ್ಕರಣೆಯೆಂದರೆ ಮಾರಾಟವೇ ಎಂದು ನಂಬಿಸಿ, ಮನೆಯ ಸಂಗ್ರಹವನ್ನು ಹಿಂದುಳಿದವರ ಹವ್ಯಾಸವೆಂದು ತಳ್ಳಿಹಾಕಿದ ಕೃಷಿನೀತಿಯನ್ನು ಒಪ್ಪಲಾಗದು. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಾಗ ಬನವಾಸಿ ಭಾಗದ ಅನಾನಸು ಗದ್ದೆಯಲ್ಲೇ ಕೊಳೆಯಿತು. ದೂರದ ಕಾರ್ಖಾನೆಗೆ ಕಟ್ಟಿಹಾಕಿದ ಬೆಳೆ ಲಾರಿ ನಿಂತ ದಿನವೇ ಸಾಯುತ್ತದೆ.

ಇಷ್ಟನ್ನು ಬರೆದರೆ ನಮ್ಮ ಚಳವಳಿಯ ಮಿತ್ರರು ತಲೆದೂಗುತ್ತಾರೆಂದು ಬಲ್ಲೆ. ಮುಂದಿನ ಮಾತಿಗೆ ಅಷ್ಟು ಸುಲಭವಾಗಿ ತಲೆದೂಗಲಾರರು.

ಈಚಿನ ವರ್ಷಗಳಲ್ಲಿ ಹಲಸಿನ ಮೇಳ, ಸಾವಯವ ಸಂತೆಗಳಲ್ಲಿ ತಿರುಪು ಮುಚ್ಚಳದ ಚೆಂದದ ಬಾಟಲಿಗಳು ಸಾಲುಗಟ್ಟಿ ನಿಂತಿರುತ್ತವೆ. ಒಳಗೆ ಬೆಳ್ಳುಳ್ಳಿ ತೊಕ್ಕು, ಎಣ್ಣೆಯಲ್ಲಿ ಮುಳುಗಿಸಿದ ಗಾಂಧಾರಿ ಮೆಣಸು, ಕಳಲೆಯ ಗೊಜ್ಜು, ಅಣಬೆಯ ಸಾಸ್. ಮೇಲೆ ಚೀಟಿ: ರಾಸಾಯನಿಕವಿಲ್ಲ, ಉಪ್ಪು ಕಡಿಮೆ, ಅಜ್ಜಿಯ ಕೈರುಚಿ. ಅಜ್ಜಿಯ ಹೆಸರನ್ನು ಹೀಗೆ ಬಳಸುವುದು ಅವಳಿಗೆ ಮಾಡುವ ಅಪಚಾರ. ಅವಳು ಉಪ್ಪನ್ನು ಕಡಿಮೆ ಮಾಡಿರಲಿಲ್ಲ. ಹಲಸಿನ ಉಪ್ಪುಸೊಳೆಯನ್ನು ಭರಣಿಯಲ್ಲಿ ಹೇರಳವಾದ ಉಪ್ಪಿನಲ್ಲಿ ಅದುಮಿ, ಮೇಲೆ ಕಲ್ಲು ಹೇರಿ, ಬಳಸುವ ಮುನ್ನ ನಾಲ್ಕು ನೀರಿನಲ್ಲಿ ತೊಳೆಯುತ್ತಿದ್ದಳು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಚಿರುಟಿಸಿಯೇ ಮಸಾಲೆಗೆ ಹಾಕುತ್ತಿದ್ದಳು. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳೇ ಹೊರತು ಗಾಳಿಯಾಡದ ಬಿರಡೆ ಬಿಗಿಯುತ್ತಿರಲಿಲ್ಲ. ಉಪ್ಪು, ಹುಳಿ, ಬಿಸಿಲು ಇವು ಮೂರೇ ಅವಳ ಶಾಸ್ತ್ರ. ಅದು ಪರಿಪೂರ್ಣವಾದ ಶಾಸ್ತ್ರ. ಅದರೊಳಗಿಂದ ಉಪ್ಪನ್ನೂ ಹುಳಿಯನ್ನೂ ತೆಗೆದು, ಬಟ್ಟೆಯ ಬದಲಿಗೆ ಲೋಹದ ಮುಚ್ಚಳ ಬಿಗಿದು, ಅದನ್ನೇ ಪರಂಪರೆಯೆಂದು ಕರೆಯುವುದು ಅಜ್ಞಾನ.

ಗಾಳಿಯಾಡದ ಬಾಟಲಿಯ ವಿದ್ಯೆ ನಮ್ಮ ಅಜ್ಜಿಯದಲ್ಲ, ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನದು. ಸೈನ್ಯಕ್ಕೆ ಆಹಾರ ಕೆಡದಂತೆ ಉಳಿಸುವ ಉಪಾಯ ಹುಡುಕಿ, ಗಾಜಿನ ಬಾಟಲಿಗಳಲ್ಲಿ ತುಂಬಿ ಬಿರಡೆ ಹಾಕಿ ಕುದಿನೀರಿನಲ್ಲಿಟ್ಟು, 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಪಡೆದವನು. ಅದು ಏಕೆ ಕೆಡುವುದಿಲ್ಲವೆಂಬುದು ಅವನಿಗೂ ಗೊತ್ತಿರಲಿಲ್ಲ. ಪಾಶ್ಚರ್ ಬಂದು ಸೂಕ್ಷ್ಮಜೀವಿಗಳ ಕತೆ ಹೇಳಲು ಇನ್ನೂ ಐವತ್ತು ವರ್ಷ ಬೇಕಾಯಿತು. ಗೊತ್ತಿಲ್ಲದ ಕಾಲದಲ್ಲಿ ಜನ ಸತ್ತರು. ನಮ್ಮದು ಗೊತ್ತಿರುವ ಕಾಲ.

ಗೊತ್ತಿರುವುದೇನೆಂದು ಬಿಡಿಸಿ ಹೇಳಬೇಕು. ಮಣ್ಣಿನಲ್ಲಿ ಎಲ್ಲೆಡೆ ಇರುವ ಒಂದು ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಗಾಳಿಯಿದ್ದಲ್ಲಿ ಅದು ಬೆಳೆಯದು. ಬೀಜಾಣುವಾಗಿ ಸುಮ್ಮನೆ ಬಿದ್ದಿರುತ್ತದೆ. ಆ ಬೀಜಾಣು ಎಷ್ಟು ಗಟ್ಟಿಯೆಂದರೆ ಕುದಿಯುವ ನೀರಿಗೂ ಸಾಯುವುದಿಲ್ಲ. ಅದನ್ನು ಕೊಲ್ಲಲು ಒತ್ತಡದಡಿಯಲ್ಲಿ 121 ಡಿಗ್ರಿ ಶಾಖ ಬೇಕು. ನಾವು ಬಾಟಲಿಯನ್ನು ಕುದಿಸಿದಾಗ ಉಳಿದ ಹೆಚ್ಚಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಹೊರಹೋಗುತ್ತದೆ, ಮುಚ್ಚಳ ಬಿಗಿಯುತ್ತದೆ. ಅಂದರೆ ಪ್ರತಿಸ್ಪರ್ಧಿಗಳಿಲ್ಲದ, ಗಾಳಿಯಿಲ್ಲದ, ತೇವವಿರುವ ಮನೆಯೊಂದನ್ನು ನಾವೇ ಕಟ್ಟಿ ಆ ಬೀಜಾಣುವಿಗೆ ಬಿಟ್ಟುಕೊಟ್ಟಂತೆ. ಅದು ಮೊಳೆತು ನಂಜು ಉಗುಳಿದರೆ ಬಣ್ಣ ಕೆಡದೆಯೂ ಇರಬಹುದು, ವಾಸನೆ ಬರದೆಯೂ ಇರಬಹುದು. ತಿಂದವರ ಕಣ್ಣುರೆಪ್ಪೆ ಜೋಲುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಇಂಥ ಲಕ್ಷಣ ಕಂಡರೆ ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆ ಸೇರಬೇಕು. ತಿಂದದ್ದು ಏನೆಂಬುದನ್ನೂ ವೈದ್ಯರಿಗೆ ಹೇಳಬೇಕು.

ಇದು ಹೆದರಿಸಲು ಹೇಳಿದ ಕತೆಯಲ್ಲ. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಉತ್ತರದ ಗುಡ್ಡಗಾಡು ಪ್ರಾಂತ್ಯವಾದ ನಾನ್‌ನಲ್ಲಿ ಧಾರ್ಮಿಕ ಸಮಾರಂಭವೊಂದಕ್ಕೆ ಬಂದ ಹಳ್ಳಿಗರು ಮನೆಯಲ್ಲೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಬಿದಿರಿನ ಕಳಲೆ ತಿಂದರು. 209 ಮಂದಿ ಕಾಯಿಲೆ ಬಿದ್ದರು. ನಲವತ್ತಕ್ಕೂ ಹೆಚ್ಚು ಜನರಿಗೆ ಕೃತಕ ಉಸಿರಾಟ ಬೇಕಾಯಿತು. ಪ್ರತಿವಿಷವನ್ನು ಹೊರದೇಶಗಳಿಂದ ವಿಮಾನದಲ್ಲಿ ತರಿಸಬೇಕಾಯಿತು. ನಮ್ಮಂಥದೇ ಗುಡ್ಡ, ನಮ್ಮಂಥದೇ ಬಿದಿರು, ನಮ್ಮಂಥದೇ ಕೈಗಳು. ಮಳೆಯಲ್ಲಿ ರಸ್ತೆ ಕಡಿದ ನಮ್ಮೂರಿಗೆ ಯಾವ ವಿಮಾನ ಇಳಿದೀತು?

ಹಾಗಾದರೆ ಬಾಟಲಿಯೇ ಬೇಡವೇ? ಬೇಕು. ಈ ಬ್ಯಾಕ್ಟೀರಿಯಾಕ್ಕೆ ಒಂದು ದೊಡ್ಡ ದೌರ್ಬಲ್ಯವಿದೆ: ಹುಳಿ. ರಸಸಾರ, ಅಂದರೆ ಪಿಎಚ್, 4.6ಕ್ಕಿಂತ ಕೆಳಗಿದ್ದರೆ ಅದರ ಬೀಜಾಣು ಮೊಳೆಯುವುದಿಲ್ಲ. ಮನೆಯ ಬಾಟಲಿ ವಿದ್ಯೆಯ ಸರ್ವಸ್ವವೂ ಈ ಒಂದು ಅಂಕಿಯಲ್ಲಿ ಅಡಗಿದೆ. ಹುಳಿಯದ್ದನ್ನು ಕುದಿನೀರಿನಲ್ಲಿ ಸಂಸ್ಕರಿಸಿ ಮುಚ್ಚಿಡಬಹುದು. ಹುಳಿಯಲ್ಲದ್ದನ್ನು, ಅಂದರೆ ಕಳಲೆ, ಅಣಬೆ, ಬೆಳ್ಳುಳ್ಳಿ, ಹುರುಳಿಕಾಯಿ, ಮಾಂಸ, ಇವನ್ನು ಮನೆಯಲ್ಲಿ ಗಾಳಿಯಾಡದಂತೆ ಮುಚ್ಚಿಡಲೇಬಾರದು. ಮನೆಯ ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅಡುಗೆಯ ಕುಕ್ಕರು ಬೇಗ ಬಿಸಿಯಾಗಿ ಬೇಗ ಆರುವ ಸಣ್ಣ ಪಾತ್ರೆ; ಬಾಟಲಿಯ ನಡುಮಧ್ಯಕ್ಕೆ ಬೇಕಾದಷ್ಟು ಹೊತ್ತು ಬೇಕಾದಷ್ಟು ಶಾಖ ಮುಟ್ಟಿತೆಂದು ಸೀಟಿ ಎಣಿಸಿ ಹೇಳಲಾಗದು.

ಈ ಅಂಕಿಯನ್ನು ಹಳ್ಳಿಯ ಹೆಂಗಸರಿಗೆ ಯಾರು ಹೇಳಿದ್ದಾರೆ? ಕೆಲವು ವರ್ಷಗಳ ಹಿಂದೆ ಸಾಸ್ ತಯಾರಿಕೆಯ ತರಬೇತಿ ಶಿಬಿರವೊಂದರಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಸೋಡಿಯಂ ಬೆಂಜೋಯೇಟನ್ನು 'ಒಂದು ಚಿಟಿಕೆ' ಹಾಕಿ ಎಂದರು. ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬರು ಹುಳಿ ಎಷ್ಟಿರಬೇಕೆಂದು ಕೇಳಿದರು. ಬಂದ ಉತ್ತರ: ರುಚಿಗೆ ತಕ್ಕಷ್ಟು. ಬೆಂಜೋಯೇಟ್ ಚೆನ್ನಾಗಿ ಕೆಲಸ ಮಾಡುವುದೇ ಹುಳಿಯಲ್ಲಿ, ಅದೂ ಮುಖ್ಯವಾಗಿ ಬೂಸ್ಟು ಮತ್ತು ಯೀಸ್ಟಿನ ಮೇಲೆ. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಿಕ್ಕ ಪಾಠವೆಲ್ಲ ದಂಡ. ಅಂದು ಅಲ್ಲಿ ವಿಜ್ಞಾನಿಯ ಹಾಗೆ ಮಾತಾಡಿದವರು ಆ ಹೆಣ್ಣುಮಗಳೊಬ್ಬರೇ.

ನಮ್ಮ ಮಲೆನಾಡಿನ ಮಣ್ಣು ಹುಳಿಮಣ್ಣು. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಬಂದಂದಿನಿಂದ ಅದರ ರಸಸಾರವನ್ನು ಅಳೆದು ಅಚ್ಚುಹಾಕಿ ಮನೆಮನೆಗೆ ಹಂಚುತ್ತಿದ್ದಾರೆ. ಅಡಿಕೆ ಮರದ ಬುಡದ ರಸಸಾರ ಗೊತ್ತಿರುವ ರೈತನಿಗೆ ತಾನು ಉಣ್ಣುವ ಗೊಜ್ಜಿನ ರಸಸಾರ ಗೊತ್ತಿಲ್ಲ. ಉಪಕರಣ ಅದೇ. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿರುವ ಮೀಟರಿನ ಕಡ್ಡಿಯನ್ನು ತೊಳೆದು, 4ರ ದ್ರಾವಣದಲ್ಲಿ ಸರಿಹೊಂದಿಸಿ, ಆರಿದ ಗೊಜ್ಜಿನ ಒಂದು ಸೌಟಿನಲ್ಲಿ ಅದ್ದಿದರೆ ಎರಡು ನಿಮಿಷದ ಕೆಲಸ. ಅದ್ದಿದ ಆ ಸೌಟಿನ ಗೊಜ್ಜನ್ನು ಚೆಲ್ಲಬೇಕೆಂದು ಬೇರೆ ಹೇಳಬೇಕಿಲ್ಲ. ಬಣ್ಣ ಬದಲಿಸುವ ಕಾಗದದ ಪಟ್ಟಿಗಳೂ ಸಿಗುತ್ತವೆ. ಆದರೆ ಕೆಂಪು ರಸದಲ್ಲಿ ಅವುಗಳ ಬಣ್ಣ ಓದುವುದು ಕಷ್ಟ. ಪಟ್ಟಿ 4ಕ್ಕಿಂತ ಸ್ಪಷ್ಟವಾಗಿ ಕೆಳಗೆ ತೋರಿಸಿದರೆ ಮಾತ್ರ ನಂಬಬಹುದು.

ಟೊಮೆಟೊ ಈ ಗಡಿಯ ಮೇಲೆಯೇ ಕೂತಿರುವ ಹಣ್ಣು. ತಳಿ, ಮಾಗಿದ ಮಟ್ಟ, ಬೆಳೆದ ನೆಲಕ್ಕೆ ತಕ್ಕಂತೆ 4.6ರ ಆಚೆಗೂ ಈಚೆಗೂ ಜಾರುತ್ತದೆ. ಆದ್ದರಿಂದಲೇ ಅಮೆರಿಕದ ಕೃಷಿ ಇಲಾಖೆ ಮನೆಬಳಕೆಗೆಂದು ಪ್ರಕಟಿಸಿರುವ ಕೋಷ್ಟಕಗಳು ಸುಮಾರು 470 ಮಿಲಿಲೀಟರಿನ ಪ್ರತಿ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಬೆರೆಸಲು ಹೇಳುತ್ತವೆ. ಬೀಜ, ಸಿಪ್ಪೆ ತೆಗೆದ ಹಣ್ಣನ್ನು ಕುದಿಸಿ ಹಿಂಗಿಸಿದ ಬರಿಯ ರಸ, ಉಪ್ಪು, ನಿಂಬೆ ಉಪ್ಪು, ಇಷ್ಟೇ ಬಾಟಲಿಗೆ ಹೋಗಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆರೆಸಿದಷ್ಟೂ ಹುಳಿ ತಗ್ಗುತ್ತದೆ. ಹಿಟ್ಟು ಹಾಕಿ ಮಂದಮಾಡಿದರೆ ಶಾಖ ಒಳಗೆ ಇಳಿಯುವುದಿಲ್ಲ. ಎಣ್ಣೆ ಬೀಜಾಣುವಿಗೆ ಹೊದಿಕೆಯಾಗುತ್ತದೆ. ಒಗ್ಗರಣೆಯನ್ನು ಬಾಟಲಿ ತೆರೆದ ದಿನ ಹಾಕಿದರಾಯಿತು. ಹೇಗೂ ಹೊಸ ಒಗ್ಗರಣೆಯ ಘಮವೇ ಬೇರೆ.

ಆ ಕೋಷ್ಟಕಗಳಲ್ಲಿ ನಮ್ಮ ಪಾಠಗಳು ಪೂರ್ತಿ ಮರೆತ ಸಂಗತಿಯೊಂದಿದೆ: ಎತ್ತರ. ನೆಲ ಸಮುದ್ರಮಟ್ಟದಿಂದ 300 ಮೀಟರ್ ಏರಿದಂತೆಲ್ಲ ನೀರು ಸುಮಾರು ಒಂದು ಡಿಗ್ರಿ ಕಡಿಮೆ ಶಾಖದಲ್ಲಿ ಕುದಿಯತೊಡಗುತ್ತದೆ. ಹೊನ್ನಾವರದ ಕಡಲಂಚಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಶಿರಸಿಯಲ್ಲಿ 98ರ ಆಸುಪಾಸಿಗೆ, ಮಡಿಕೇರಿಯಲ್ಲಿ 96ರ ಆಸುಪಾಸಿಗೆ ಕುದಿಯುತ್ತದೆ. ಹಂಡೆ ಕೊತಕೊತ ಎನ್ನುತ್ತಿದ್ದರೂ ಒಳಗಿನ ಶಾಖ ಕಡಿಮೆ. ಆದ್ದರಿಂದ ಬಿಸಿಯಾಗಿಯೇ ತುಂಬಿದ ಟೊಮೆಟೊ ಸಾಸಿನ ಆ ಅಳತೆಯ ಬಾಟಲಿಗೆ 300 ಮೀಟರಿನವರೆಗೆ 35 ನಿಮಿಷ, ಅಲ್ಲಿಂದ 900 ಮೀಟರಿನವರೆಗೆ 40 ನಿಮಿಷ, ಅದಕ್ಕೂ ಮೇಲೆ 45 ನಿಮಿಷ ಕುದಿ ಬೇಕು. ಹೊತ್ತನ್ನು ಎಣಿಸಬೇಕಾದದ್ದು ನೀರು ಕುದಿಹತ್ತಿದ ಮೇಲೆ. ಬಯಲಿನ ಊರಿಗೆ ಬರೆದ ಪುಸ್ತಕವನ್ನು ಘಟ್ಟದ ಮೇಲೆ ಓದಿದರೆ ಐದು ಹತ್ತು ನಿಮಿಷ ಸಾಲದಾಗುತ್ತದೆ. ಗುಡ್ಡಗಾಡಿಗೆ ಬೇರೆಯೇ ಅಭಿವೃದ್ಧಿನೀತಿ ಬೇಕೆಂದು ನಾವು ಕೂಗುತ್ತ ಬಂದಿದ್ದೇವೆ. ಕುದಿಯುವ ನೀರೂ ಅದನ್ನೇ ಹೇಳುತ್ತಿದೆ.

ಸಾಧನಗಳ ವಿಷಯದಲ್ಲಿ ಅಡಿಕೆ ಮನೆತನಗಳು ಭಾಗ್ಯವಂತರು. ಅಡಿಕೆ ಬೇಯಿಸುವ ಹಂಡೆ, ಅದಕ್ಕೊಪ್ಪುವ ಒಲೆ ಎರಡೂ ಇವೆ. ಬಾಟಲಿಗಳು ತಳಕ್ಕೆ ತಾಗಿ ಒಡೆಯದಂತೆ ಕೆಳಗೆ ಮರದ ಪಟ್ಟಿ ಹಾಸಿ, ಮುಚ್ಚಳದ ಮೇಲೆ ಎರಡು ಬೆರಳು ನೀರು ನಿಲ್ಲಿಸಿದರೆ ಸಾಕು. ಕೇರಿಯ ನಾಲ್ಕು ಮನೆಯವರು ಒಂದೇ ಹಂಡೆಯಲ್ಲಿ ಮಾಡಿದರೆ ಕಟ್ಟಿಗೆ ಉಳಿಯುತ್ತದೆ, ಗೋಬರ್ ಅನಿಲವಿದ್ದಲ್ಲಿ ಅದೂ ಬೇಡ. ಬಾಟಲಿ ಸಣ್ಣದಿರಬೇಕೆಂಬುದಕ್ಕೆ ಶಾಖದ ಕಾರಣದ ಜೊತೆಗೆ ಮಳೆಗಾಲದ ಕಾರಣವೂ ಇದೆ. ತೆರೆದ ದೊಡ್ಡ ಬಾಟಲಿಗೆ ನಮ್ಮ ಹವೆಯಲ್ಲಿ ಬೇಗನೆ ಬೂಸ್ಟು ಬರುತ್ತದೆ, ಬೂಸ್ಟು ಹುಳಿಯನ್ನು ತಿಂದು ರಸಸಾರವನ್ನು ಮೇಲೇರಿಸುತ್ತದೆ. ಬೂಸ್ಟನ್ನು ಚಮಚದಲ್ಲಿ ತೆಗೆದು ಮಿಕ್ಕಿದ್ದನ್ನು ಬಳಸುವ ರೂಢಿಯನ್ನು ಬಿಡಬೇಕು. ಮುಚ್ಚಳ ಉಬ್ಬಿದ್ದರೆ, ತೆರೆಯುವಾಗ ಬುಸ್ಸೆಂದರೆ, ನಾಲಿಗೆಗೂ ಮುಟ್ಟಿಸದೆ ನಾಯಿ-ದನ ಮುಟ್ಟದಂತೆ ಹೂಳಬೇಕು. ಹಾಗೆಯೇ, ನಲವತ್ತೈದು ನಿಮಿಷ ಗಡಿಯಾರ ನೋಡುತ್ತ ಒಲೆಯ ಮುಂದೆ ನಿಲ್ಲುವ ಕೆಲಸವನ್ನು ಮತ್ತೆ ಹೆಂಗಸರ ತಲೆಗೇ ಕಟ್ಟಿ, ಗಂಡಸರು ಸ್ವಾವಲಂಬನೆಯ ಭಾಷಣಕ್ಕೆ ಹೊರಡುವುದಾದರೆ ಈ ವಿದ್ಯೆ ನಮಗೆ ದಕ್ಕುವುದಿಲ್ಲ.

ಹುಳಿಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಿಜವಾದ ಲೂಟಿ ನಡೆದಿರುವುದು ಅಲ್ಲಿ. ಸಹ್ಯಾದ್ರಿಯಷ್ಟು ಬಗೆಬಗೆಯ ಹುಳಿಯ ನಾಡು ಇನ್ನೊಂದಿರಲಾರದು: ಮುರುಗಲು, ಉಪ್ಪಾಗೆ, ವಾಟೆ, ಅಪ್ಪೆ, ಬಿಂಬುಳಿ, ಕಂಚಿ. ಕೊಡಗಿನವರು ಮಳೆಗಾಲದಲ್ಲಿ ಉದುರುವ ಪಣಪುಳಿಯ ಹಣ್ಣಿನ ರಸ ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಸಣ್ಣ ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಅಪೇರನ ಹೆಸರು ಕೇಳದ ಜನ ಮಾಡಿಕೊಂಡ, ಯಾವ ಸಾಸಿಗೂ ತಲೆಬಾಗದ ಸಾಸ್ ಅದು. ಅದೇ ಹಣ್ಣು ಉತ್ತರ ಕನ್ನಡದಲ್ಲಿ ಉಪ್ಪಾಗೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಗುಳಿಗೆಗೆಂದು ವಿದೇಶದಿಂದ ಇದರ ಸಿಪ್ಪೆಗೆ ಬೇಡಿಕೆ ಬಂದಾಗ ಹಣ್ಣಾಗುವ ಮುನ್ನವೇ ಕೊಯ್ದರು, ಕೊಂಬೆ ಕಡಿದರು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯನ್ನು ರಾಶಿರಾಶಿ ಸುಟ್ಟರು. ಅಪ್ಪೆಮಿಡಿಗಾಗಿ ಹೊಳೆಯಂಚಿನ ಮರಗಳನ್ನು ಕಡಿದುರುಳಿಸಿದ್ದೂ ಇದೇ ರೀತಿ. ಹೀಗೆ ನಮ್ಮ ಕಾಡಿನ ಹುಳಿ ಹೊರದೇಶದ ಕೊಬ್ಬು ಇಳಿಸಲು ಹೋಗುತ್ತದೆ. ನಾವು ಪೇಟೆಯಿಂದ ಆಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ ಸಿಂಥೆಟಿಕ್ ವಿನೆಗರ್ ತಂದು ಸಾಸ್ ಮಾಡುತ್ತೇವೆ!

ನಿಂಬೆ ಉಪ್ಪಿನ ಬದಲು ಮುರುಗಲ ರಸವನ್ನೋ ಉಪ್ಪಾಗೆಯ ಹುಳಿಯನ್ನೋ ಏಕೆ ಬೆರೆಸಬಾರದೆಂದು ವಿದ್ಯಾರ್ಥಿಗಳು ಕೇಳಬಹುದು. ಬೆರೆಸಬಹುದು, ಆದರೆ ಅಳೆದು. ಮರದಿಂದ ಮರಕ್ಕೆ, ಕೊಯ್ದ ವಾರದಿಂದ ವಾರಕ್ಕೆ ಹುಳಿ ಬದಲಾಗುತ್ತದೆ. ಯಾವ ಹುಳಿ, ಎಷ್ಟು ಚಮಚ, ಯಾವ ಎತ್ತರದಲ್ಲಿ ಎಷ್ಟು ನಿಮಿಷ ಎಂಬ ಕೋಷ್ಟಕವನ್ನು ಸಿದ್ಧಪಡಿಸುವುದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೂ, ಶಿರಸಿಯ ತೋಟಗಾರಿಕಾ ಕಾಲೇಜಿಗೂ, 1950ರಿಂದ ಮೈಸೂರಿನಲ್ಲಿ ನಡೆಯುತ್ತಿರುವ ಕೇಂದ್ರ ಆಹಾರ ಸಂಶೋಧನಾಲಯಕ್ಕೂ ಅಸಾಧ್ಯದ ಕೆಲಸವಲ್ಲ. ಅಮೆರಿಕದ ಸರ್ಕಾರ ತನ್ನ ಗೃಹಿಣಿಯರಿಗೆ ಉಚಿತವಾಗಿ ಕೊಟ್ಟಿರುವುದನ್ನು ನಮ್ಮ ತೆರಿಗೆಯಲ್ಲಿ ನಡೆಯುವ ಸಂಸ್ಥೆಗಳು ಕನ್ನಡದಲ್ಲಿ, ಘಟ್ಟದ ಎತ್ತರಕ್ಕೆ, ಘಟ್ಟದ ಹುಳಿಗೆ ಹೊಂದುವಂತೆ ಕೊಡಲಿ ಎಂದಷ್ಟೇ ನಾವು ಕೇಳುತ್ತಿರುವುದು.

ಇನ್ನು ಮುಚ್ಚಳ. 2020ರಲ್ಲಿ ಮನೆಯಲ್ಲೇ ಕುಳಿತ ಅಮೆರಿಕದ ಜನ ತೋಟ ಮಾಡಿ, ಬೆಳೆದದ್ದನ್ನು ಬಾಟಲಿಗೆ ತುಂಬಲು ಹೊರಟಾಗ ಅಂಗಡಿಗಳಲ್ಲಿ ಮುಚ್ಚಳವೇ ಸಿಗದಾಯಿತು; ಮರುವರ್ಷವೂ ಕೊರತೆ ಮುಂದುವರಿಯಿತು. ಬಾಟಲಿಯನ್ನು ನೂರು ಸಲ ಬಳಸಬಹುದು. ಮುಚ್ಚಳದ ಒಳಗಿನ ಮೆತ್ತನೆಯ ಉಂಗುರ ಒಮ್ಮೆ ಒತ್ತಿ ಅಚ್ಚು ಬಿದ್ದರೆ ಮತ್ತೆ ಭದ್ರವಾಗಿ ಕೂರುವ ಭರವಸೆಯಿಲ್ಲ. ಜಾಮಿನ ಹಳೆಯ ಬಾಟಲಿಗೆ ಅದರದೇ ಹಳೆಯ ಮುಚ್ಚಳ ಬಿಗಿದು ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು. ನಮ್ಮ ಸ್ವಾವಲಂಬನೆ ಕೆಲವೇ ರೂಪಾಯಿಯ ತಗಡಿನ ಬಿಲ್ಲೆಗೆ ತಗುಲಿಹಾಕಿಕೊಂಡಿದೆ ಎಂಬುದನ್ನು ಒಪ್ಪಿಕೊಂಡು, ಅದನ್ನು ಮಳೆಗೆ ಮೊದಲೇ ಊರಿಗೆ ತರಿಸಿಡುವುದು ಒಂದೇ ದಾರಿ. ಗೊಬ್ಬರ, ಮೈಲುತುತ್ತ ದಾಸ್ತಾನು ಮಾಡುವ ಸೇವಾ ಸಹಕಾರಿ ಸಂಘ ಒಂದು ಪೆಟ್ಟಿಗೆ ಮುಚ್ಚಳ, ಒಂದು ಡಬ್ಬಿ ನಿಂಬೆ ಉಪ್ಪು ಇಟ್ಟುಕೊಂಡರೆ ಅದರ ಗೋದಾಮು ತುಂಬಿಹೋಗುವುದಿಲ್ಲ.

ಬರುವ ಸೇವಾ ಸಂಘದ ಮಹಾಸಭೆಯಲ್ಲಿ ಸದಸ್ಯರು ಈ ಬೇಡಿಕೆಯನ್ನು ಠರಾವಿನ ರೂಪದಲ್ಲಿ ಮಂಡಿಸಬೇಕು. ತಾಲ್ಲೂಕಿನ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ವಾರದಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯ ಮಾದರಿಗಳನ್ನೂ ಅಳೆದುಕೊಡುವಂತೆ ಗ್ರಾಮಸಭೆಯಿಂದ ಪತ್ರ ಹೋಗಬೇಕು. ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಬರುವ ಏಪ್ರಿಲ್‌ನಿಂದ ತಮ್ಮ ಕೇರಿಯ ಪ್ರತಿ ಮುರುಗಲ ಮರದ ಹಣ್ಣಿನ ರಸಸಾರವನ್ನು ಕೊಯ್ದ ತಾರೀಖಿನೊಡನೆ ಬರೆದಿಡತೊಡಗಲಿ. ಕಾಲೇಜಿನ ಮೀಟರು ಕಪಾಟಿನಲ್ಲಿ ಧೂಳು ಹಿಡಿದಿದ್ದರೆ ಪ್ರಾಂಶುಪಾಲರನ್ನು ಕೇಳಿ ಹೊರತೆಗೆಸಲಿ. ಆ ಪಟ್ಟಿಗಳನ್ನು ಈ ಪತ್ರಿಕೆಗೆ ಕಳಿಸಿದರೆ ಒಟ್ಟುಗೂಡಿಸಿ ವಿಶ್ವವಿದ್ಯಾಲಯದ ಮೇಜಿನ ಮೇಲಿಡುವ ಹೊಣೆ ನನ್ನದು. ಅಲ್ಲಿಯವರೆಗೆ ಕಳಲೆಯನ್ನು ನೀರು ಬದಲಿಸಿ ಬೇಯಿಸಿ ಅಂದೇ ಉಣ್ಣಿ; ಅದನ್ನು ಬಾಟಲಿಯಲ್ಲಿಟ್ಟು ಯಾರಾದರೂ ಮಾರುತ್ತಿದ್ದರೆ, ಅವರು ನಮ್ಮವರೇ ಆಗಿದ್ದರೂ, ಇದರ ರಸಸಾರ ಎಷ್ಟೆಂದು ಕೇಳಿ.